ಭಾರದ ತಿಂಗಳ ತೂಕ

ನಾನು ಆ ಊರಿನ ಆಸ್ಪತ್ರೆಗೆ ನರ್ಸಾಗಿ ಹೋದಾಗ ಭಾರದ ತಿಂಗಳು ಶುರುವಾಗಿ ನಾಲ್ಕೇ ದಿನವಾಗಿತ್ತು. ಬಸ್ಸಿನಿಂದ ಇಳಿದು ಟ್ರಂಕು ಪಕ್ಕಕ್ಕಿಟ್ಟುಕೊಂಡು ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಅದನ್ನು ಕಾಲಿಂದ ಒಮ್ಮೆ ನೂಕಿ ನೋಡಿ, "ಒಳ್ಳೇ ಹೊತ್ತಿಗೆ ಬಂದ್ರಿ ಬಿಡಿ ಅಮ್ಮ. ಇನ್ನೆರಡು ತಿಂಗಳು ತಡ ಮಾಡಿದ್ರೆ ಇದನ್ನ ಎತ್ತೋಕೆ ಇಬ್ಬರು ಬೇಕಾಗ್ತಿತ್ತು" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ತಿಂಗಳು ಅನ್ನುವುದು ಹೆಸರಿಗೆ ಮಾತ್ರ. ಒಂದು ವರ್ಷ ಅದು ನಾಲ್ಕು ತಿಂಗಳು, ಇನ್ನೊಂದು ವರ್ಷ ಐದು. ಆ ದಿನಗಳಲ್ಲಿ ಊರೊಳಗಿನ ಎಲ್ಲಕ್ಕೂ ದಿನದಿನಕ್ಕೆ ಒಂದಿಷ್ಟು ಭಾರ ಏರುತ್ತಿತ್ತು. ಕೊನೆಗೆ ಯಾವುದೋ ಒಂದು ದಿನ, ಹೇಳದೆ ಕೇಳದೆ, ಏರಿದ್ದೆಲ್ಲ ಒಂದೇ ಸಲಕ್ಕೆ ಇಳಿದುಹೋಗುತ್ತಿತ್ತು. ಅದಕ್ಕೆ ಹಗುರ ಬೀಳೋದು ಅನ್ನುತ್ತಿದ್ದರು. ಬಿಸಿಲು ಚಳಿಗೆ ಹೊಂದಿಕೊಂಡಂತೆ ಜನ ಇದಕ್ಕೂ ಹೊಂದಿಕೊಂಡಿದ್ದರು. ಭಾರ ಏರುವ ಹೊತ್ತಿಗೆ ದೊಡ್ಡ ಕೊಡಗಳನ್ನು ಅಟ್ಟಕ್ಕೆ ಹಾಕಿ ಚಿಕ್ಕವನ್ನು ಇಳಿಸುತ್ತಿದ್ದರು. ಹಲಸಿನ ಕೊಂಬೆಗಳಿಗೆ ಊರುಗೋಲು ಕೊಡುತ್ತಿದ್ದರು. ಜೋಕಾಲಿ ಬಿಚ್ಚಿಡುತ್ತಿದ್ದರು. ಅಂಚೆಯವನು ಪಾರ್ಸೆಲ್ಲುಗಳನ್ನು ಎರಡು ಸಲಕ್ಕೆ ತರುತ್ತಿದ್ದ. ಮನೆ ಕಟ್ಟುವವರು ಗೋಡೆಯವರೆಗೆ ಎಬ್ಬಿಸಿ, ಬಾಗಿಲ ಮೇಲಿನ ಕಲ್ಲು ಕೂರಿಸಲು ಹಗುರ ಬೀಳಲಿ ಎಂದು ಕಾಯುತ್ತಿದ್ದರು. ನಾನೂ ಒಂದು ವಾರದಲ್ಲಿ ಕಲಿತೆ. ಎರಡು ಬಕೆಟ್ ನೀರು ಒಟ್ಟಿಗೆ ಎತ್ತುತ್ತಿದ್ದವಳು ಒಂದೊಂದೇ ಎತ್ತತೊಡಗಿದೆ. ಸಂಜೆಗೆ ಮೀನಖಂಡ ಸೆಳೆಯುತ್ತಿತ್ತು, ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ.

ನನ್ನ ಜೊತೆಗೇ ಆಸ್ಪತ್ರೆಗೆ ಒಂದು ಹೊಸ ತಕ್ಕಡಿ ಬಂದಿತ್ತು. ಮಕ್ಕಳನ್ನು ತೂಗುವುದಕ್ಕೆ. ದುಂಡು ಮುಖ, ಗಾಜಿನ ಮುಚ್ಚಳ, ಒಳಗೆ ಕಪ್ಪು ಮುಳ್ಳು, ಕೆಳಗೆ ಕೊಕ್ಕೆ. ಕೊಕ್ಕೆಗೆ ಬಟ್ಟೆಯ ಜೋಳಿಗೆ ನೇತುಹಾಕಿ ಮಗುವನ್ನು ಮಲಗಿಸಿದರೆ ಒಳಗಿನ ಸ್ಪ್ರಿಂಗು ಎಳೆದುಕೊಂಡು ಮುಳ್ಳು ತಿರುಗುತ್ತಿತ್ತು. ಊರವರು ಅದಕ್ಕೆ ಗಡಿಯಾರ ಅಂತಲೇ ಹೆಸರಿಟ್ಟರು. ಆ ಊರಲ್ಲಿ ಅಲ್ಲಿಯವರೆಗೆ ಅಂಥ ಸ್ಪ್ರಿಂಗಿನ ತಕ್ಕಡಿ ಒಂದೂ ಇರಲಿಲ್ಲ. ಅಂಗಡಿಗಳಲ್ಲೆಲ್ಲ ಎರಡು ತಟ್ಟೆಯ ತಕ್ಕಡಿ, ತೂಕದ ಕಲ್ಲು. ಇದನ್ನು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಭಾರ ಅನ್ನುವುದು ನನ್ನ ಕಾಲಿಗೆ, ಬಕೆಟ್ಟಿಗೆ, ಹಲಸಿನ ಕೊಂಬೆಗೆ ಅಂದುಕೊಂಡಿದ್ದೆ. ಮುದ್ರೆ ಒತ್ತಿ ಕಳಿಸಿದ ಸರ್ಕಾರಿ ತಕ್ಕಡಿಗೂ ಅದು ತಟ್ಟುತ್ತದೆ ಎಂದು ಹೊಳೆಯಲೇ ಇಲ್ಲ.

ಪ್ರತಿ ಬುಧವಾರ ತೂಗುವ ದಿನ. ನಲವತ್ತಮೂರು ಮಕ್ಕಳು. ವಾರವಾರಕ್ಕೂ ಎಲ್ಲರ ತೂಕ ಏರುತ್ತಿತ್ತು. ನಾನು ಪ್ರತಿ ಮಗುವಿನ ಕಾರ್ಡಿನಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದರೆ, ಗೆರೆ ಮೇಲಕ್ಕೇ ಹೋಗುತ್ತಿತ್ತು. ಎರಡು ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಕಾಗದ ಬಂತು. ಇಡೀ ಸುತ್ತಿನ ಊರುಗಳಲ್ಲಿ ನಮ್ಮ ಊರಿನ ಮಕ್ಕಳೇ ಚೆನ್ನಾಗಿ ಬೆಳೆಯುತ್ತಿವೆಯಂತೆ, ನರ್ಸ್ ಸುಭದ್ರ ಅವರ ಕೆಲಸ ಮೆಚ್ಚತಕ್ಕದ್ದಂತೆ. ಆ ಕಾಗದವನ್ನು ತಕ್ಕಡಿಯ ಪಕ್ಕದ ಗೋಡೆಗೆ ಅಂಟಿಸಿದೆ. ಬಂದವರಿಗೆಲ್ಲ ಕಾಣಲಿ ಎಂದು.

ಆ ನಲವತ್ತಮೂರರಲ್ಲಿ ಒಂದು ಮಾರಕ್ಕನ ಮಗು. ಮಾರಕ್ಕ ಮುತ್ತುಗದ ಊಟದೆಲೆ ಹಚ್ಚುವವಳು, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಅವಳ ಬೆರಳ ತುದಿ ಯಾವಾಗಲೂ ಎಲೆಯ ಕರೆಗೆ ಕಪ್ಪಾಗಿರುತ್ತಿತ್ತು. ಹೆಣ್ಣು ಮಗು, ನಾನು ಬಂದ ಹೊಸದರಲ್ಲೇ ಹುಟ್ಟಿದ್ದು, ನನ್ನ ಕೈಮೇಲೇ. ಎರಡು ತಿಂಗಳು ತುಂಬಿದಾಗಿನಿಂದ ಮಾರಕ್ಕ ಒಂದೇ ಮಾತು ಹೇಳುತ್ತಿದ್ದಳು.

"ಸಿಸ್ಟರಮ್ಮ, ಮಗು ಒಣಗ್ತಾ ಐತೆ."

"ಎಲ್ಲಿ ಒಣಗ್ತಿದೆ? ನೋಡು, ಹೋದ ವಾರಕ್ಕಿಂತ ಇನ್ನೂರು ಗ್ರಾಂ ಜಾಸ್ತಿ."

ಅವಳು ಕಾರ್ಡು ನೋಡುತ್ತಿದ್ದಳು, ಮಗುವನ್ನು ನೋಡುತ್ತಿದ್ದಳು, ಹೋಗುತ್ತಿದ್ದಳು. ಮುಂದಿನ ಬುಧವಾರ ಮತ್ತೆ ಅದೇ. ನಾಲ್ಕನೇ ಸಲಕ್ಕೆ ನನಗೆ ರೇಗಿತು. ಸಾಲಿನಲ್ಲಿ ಇನ್ನೂ ಇಪ್ಪತ್ತು ತಾಯಂದಿರು ನಿಂತಿದ್ದರು. "ನಿನ್ನ ಕಣ್ಣೇ ನಿನ್ನ ಮಗುವಿಗೆ ತಾಗ್ತಿದೆ ಮಾರಕ್ಕ. ಮಿಷನ್ನು ಸುಳ್ಳು ಹೇಳುತ್ತಾ?" ಅಂದುಬಿಟ್ಟೆ. ಹಿಂದೆ ನಿಂತವರು ಯಾರೋ ನಕ್ಕರು.

ಮಾರಕ್ಕ ಅಲ್ಲಿಂದ ಅಲುಗಲಿಲ್ಲ. ಮಗುವಿನ ಅಂಗಿ ಮೇಲೆತ್ತಿ ಸೊಂಟ ತೋರಿಸಿದಳು. ಕಪ್ಪು ಉಡಿದಾರ ಕಟ್ಟಿತ್ತು. "ಇದನ್ನ ನಾನೇ ಕಟ್ಟಿದ್ದು. ಕಟ್ಟಿದಾಗ ಒಂದು ಬೆರಳು ತೂರಿಸೋದೇ ಕಷ್ಟ ಆಗಿತ್ತು. ಈಗ ನೋಡಿ." ಮೂರು ಬೆರಳು ಸಲೀಸಾಗಿ ಒಳಗೆ ಹೋದವು. "ದಾರ ಉದ್ದ ಆಗುತ್ತಾ ಸಿಸ್ಟರಮ್ಮ?"

ನಾನು ಏನೋ ಹೇಳಿ ಸಾಗಹಾಕಿದೆ. ದಾರ ಹಳೆಯದಾದರೆ ಹಿಗ್ಗುತ್ತದೆ ಅಂದೆ ಅಂತ ಕಾಣುತ್ತದೆ. ಆದರೆ ಅವಳ ಆ ಮೂರು ಬೆರಳು ಮಧ್ಯಾಹ್ನ ಊಟಕ್ಕೆ ಕೂತಾಗಲೂ ನನ್ನ ಕಣ್ಣ ಮುಂದಿದ್ದವು. ತಟ್ಟೆ ಸರಿಸಿ ಎದ್ದು ಹೋಗಿ ತಕ್ಕಡಿಯ ಮುಂದೆ ನಿಂತೆ.

ತರಬೇತಿಯಲ್ಲಿ ನಮಗೆ ಇದನ್ನೆಲ್ಲ ಹೇಳಿಕೊಟ್ಟಿದ್ದರು. ತೂಗುವ ಮುನ್ನ ಖಾಲಿ ಜೋಳಿಗೆ ಹಾಕಿ ಮುಳ್ಳು ಸೊನ್ನೆಗೆ ಇದೆಯಾ ನೋಡಬೇಕು. ನಾನು ಮೊದಲ ವಾರ ನೋಡಿದ್ದೆ, ಆಮೇಲೆ ಬಿಟ್ಟಿದ್ದೆ. ಈಗ ನೋಡಿದರೆ ಮುಳ್ಳು ಸೊನ್ನೆಯಿಂದ ಒಂದು ಗೆರೆ ಆಚೆಗಿತ್ತು. ಐವತ್ತು ಗ್ರಾಂ. ಒಗೆದು ಒಗೆದು ಹರಿದ ಜೋಳಿಗೆಗೆ ಯಾರೋ ದಪ್ಪ ಬಟ್ಟೆಯ ತೇಪೆ ಹಾಕಿದ್ದರು, ಅದರ ತೂಕ. ಇನ್ನು ನನ್ನ ಮೇಜು ತಕ್ಕಡಿಯ ಬಲಗಡೆ ಇತ್ತು. ಏಳಲು ಕಾಲು ಬಾರದೆ ಕುರ್ಚಿಯಿಂದಲೇ ಓರೆಯಾಗಿ ನೋಡಿ ಬರೆದುಕೊಳ್ಳುತ್ತಿದ್ದೆ. ಎದ್ದು ನೇರ ಎದುರಿಗೆ ನಿಂತು, ಮುಳ್ಳಿನ ಎತ್ತರಕ್ಕೆ ಕಣ್ಣು ತಂದು ನೋಡಿದರೆ ಅದೇ ಮುಳ್ಳು ಅರ್ಧ ಗೆರೆ ಹಿಂದಿತ್ತು. ಮಕ್ಕಳು ಒದ್ದಾಡುವಾಗ ಮುಳ್ಳು ಕುಣಿಯುತ್ತಿತ್ತು. ನಿಲ್ಲುವವರೆಗೆ ಕಾಯದೆ, ಕುಣಿತದ ಮೇಲಿನ ತುದಿ ಹಿಡಿದುಕೊಳ್ಳುತ್ತಿದ್ದೆ. ಒದ್ದೆ ಬಟ್ಟೆ, ಕಾಲ್ಗಡಗ, ತಾಯಿತ ಯಾವುದನ್ನೂ ಬಿಚ್ಚಿಸುತ್ತಿರಲಿಲ್ಲ. ಎಲ್ಲಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದು. ತೂಗುವ ಮೊದಲೇ ಕಾರ್ಡಿನಲ್ಲಿ ಹೋದ ವಾರದ ಅಂಕಿ ನೋಡಿಕೊಳ್ಳುತ್ತಿದ್ದೆ. ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಮೇಲಿನ ಗೆರೆಯೇ ಸರಿ ಎಂದು ನನಗೆ ಕಾಣುತ್ತಿತ್ತು.

ಮರುದಿನವೇ ಮಾರಕ್ಕನನ್ನು ಕರೆಸಿದೆ. ಮಗುವಿನ ಮೈಮೇಲಿನದ್ದೆಲ್ಲ ಬಿಚ್ಚಿ, ಸೊನ್ನೆ ಸರಿಮಾಡಿ, ಮಗು ಸುಮ್ಮನಾಗುವವರೆಗೆ ಕಾದು, ಎದುರಿಗೆ ನಿಂತು ಓದಿದೆ. ಹಿಂದಿನ ದಿನ ಐದು ಕಿಲೋ ಬರೆದಿದ್ದೆ. ಈಗ ನಾಲ್ಕು ಕಿಲೋ ಎಂಟುನೂರ ಐವತ್ತು. ನನ್ನ ತಪ್ಪುಗಳೆಲ್ಲ ಸೇರಿ ನೂರೈವತ್ತು ಗ್ರಾಂ ಆಗಿದ್ದವು. ಅಷ್ಟೇ ತಾನೆ! ನನಗೆ ಉಸಿರು ಬಂತು. "ನೀನು ಹೇಳಿದ್ದರಲ್ಲಿ ಸ್ವಲ್ಪ ನಿಜ ಇತ್ತು ಮಾರಕ್ಕ, ಸರಿಮಾಡಿದೆ. ಆದರೂ ಹೆದರುವಂಥದ್ದೇನಿಲ್ಲ" ಅಂದೆ.

ಅವಳು ಮಗುವನ್ನು ಎತ್ತಿಕೊಂಡು ಹೊರಟಳು. ಮನೆಗೆ ಹೋದಳು ಅಂದುಕೊಂಡೆ. ಅರ್ಧ ಗಂಟೆಯೊಳಗೆ ವಾಪಸ್ಸು ಬಂದು ಬಾಗಿಲಲ್ಲಿ ನಿಂತಳು. ಏದುಸಿರು.

"ಬೀಬಮ್ಮನ ತಕ್ಕಡಿಲಿ ನಾಲ್ಕು ಕಿಲೋನೂ ಇಲ್ಲ."

ಬೀಬಮ್ಮ ಅಂದರೆ ಹಮೀದಾಬಿ. ಹುಣಸೆಹಣ್ಣಿನ ಮಂಡಿ ನಡೆಸುವವರು, ಅರವತ್ತು ದಾಟಿದ ಗಟ್ಟಿ ಹೆಂಗಸು. ಸುತ್ತಿನ ತೋಪುಗಳ ಹುಣಸೆಯೆಲ್ಲ ಅವರ ತಕ್ಕಡಿ ಮೇಲೆ ಇಳಿದೇ ಹೊರಗೆ ಹೋಗಬೇಕು. ಎದೆಹಾಲು ಕುಡಿಯುವ ಮಗುವನ್ನು ಹುಣಸೆ ತಟ್ಟೆಯಲ್ಲಿ ಮಲಗಿಸಿದ್ದಾರೆ ಅಂತ ಕೇಳಿ ನನಗೆ ಮೈಯೆಲ್ಲ ಉರಿಯಿತು. ಚಪ್ಪಲಿ ಮೆಟ್ಟಿಕೊಂಡು ಜಗಳಕ್ಕೇ ಹೊರಟೆ, ಮಗುವನ್ನು ಎತ್ತಿಕೊಂಡು ಮಾರಕ್ಕ ಹಿಂದೆ ಬಂದಳು. ಭಾರದ ಮೂರೂವರೆ ತಿಂಗಳು ಕಳೆದಿತ್ತು. ಮಂಡಿಯವರೆಗಿನ ಆ ಏರಿನಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡೆ, ಆದರೂ ಸಿಟ್ಟು ಇಳಿಯಲಿಲ್ಲ.

"ನೀವು ಹೀಗೆ ಮಾಡಬಹುದಾ ಬೀಬಮ್ಮ? ಅದು ಮಗು, ಹುಣಸೆಹಣ್ಣಲ್ಲ."

ಹಮೀದಾಬಿ ಒಗೆದ ಬಿಳಿ ಬಟ್ಟೆಯೊಂದನ್ನು ಮಡಚುತ್ತಿದ್ದರು. "ಬಟ್ಟೆ ಹಾಸೇ ಮಲಗಿಸಿದ್ದು ಅಮ್ಮ. ಆಚೆ ತಟ್ಟೆಗೂ ಅಷ್ಟೇ ಬಟ್ಟೆ ಹಾಕಿದ್ದೆ. ಬನ್ನಿ, ನೀವೇ ತೂಗಿ. ನನ್ನ ಮಾತು ಬೇಡ."

ಬಯ್ದರೆ ಬಯ್ಯುವ ಹೆಂಗಸು ಅಂದುಕೊಂಡು ಹೋಗಿದ್ದೆ. ಅವರು ನನ್ನ ಕೈಗೆ ತಕ್ಕಡಿ ಕೊಟ್ಟರು. ಮೊದಲು ಎರಡೂ ತಟ್ಟೆಗಳ ತಳ ಒರೆಸಿದರು. ಹುಣಸೆಯ ಅಂಟು ತಳಕ್ಕೆ ಹತ್ತಿಕೊಂಡರೆ ಗೊತ್ತೇ ಆಗುವುದಿಲ್ಲ, ಬೆಳಿಗ್ಗೆಯಿಂದ ಸಂಜೆಗೆ ಐವತ್ತು ಗ್ರಾಂ ಕೂತುಬಿಡುತ್ತದೆ ಅಂದರು. ಬಾಗಿಲು ಮುಂದೆ ಮಾಡಿದರು, ಗಾಳಿ ತಟ್ಟೆಗೆ ಬಡಿಯದ ಹಾಗೆ. ಖಾಲಿ ತಟ್ಟೆಗಳನ್ನು ಬಿಟ್ಟು ಮೇಲಿನ ಅಡ್ಡ ದಂಡಿಗೆ ಅಲುಗಾಡದೆ ನಿಲ್ಲುವವರೆಗೆ ಕೈ ಕಟ್ಟಿ ನಿಂತರು. ನಡುವಿನ ಮುಳ್ಳು ನೇರ ಬಂತು. ನಂತರ ಮಗುವನ್ನು ಎಡಕ್ಕೆ ಮಲಗಿಸಿದೆವು, ಕಲ್ಲು ಬಲಕ್ಕೆ. ಮೂರು ಕಿಲೋ ಒಂಬೈನೂರು. "ಈಗ ಅದಲು ಬದಲು ಮಾಡಿ" ಅಂದರು. "ದಂಡಿಗೆಯ ಒಂದು ತೋಳು ಕೂದಲೆಳೆಯಷ್ಟು ಉದ್ದ ಇದ್ರೂ ಒಂದು ಕಡೆಗೆ ಸುಳ್ಳು ಹೇಳುತ್ತೆ. ಎರಡೂ ಕಡೆ ತೂಗಿದ್ರೆ ಸುಳ್ಳು ಸಿಕ್ಕಿಬೀಳುತ್ತೆ." ಮಗು ಬಲಕ್ಕೆ, ಕಲ್ಲು ಎಡಕ್ಕೆ. ಮೂರು ಕಿಲೋ ಒಂಬೈನೂರ ಐವತ್ತು.

"ನಿಮ್ಮ ಕಲ್ಲೇ ತಪ್ಪಿರಬಹುದು" ಅಂದೆ.

"ಇರಬಹುದು" ಅಂದರು ಹಮೀದಾಬಿ. ಎರಡು ಕಿಲೋ ಕಬ್ಬಿಣದ ಕಲ್ಲನ್ನು ಎತ್ತಿ ಅದರ ತಳದ ಮುದ್ರೆ ತೋರಿಸಿದರು. "ತಗೊಂಡು ಹೋಗಿ ನಿಮ್ಮ ಗಡಿಯಾರಕ್ಕೆ ಹಾಕಿ ನೋಡಿ."

ನಾನು, ಮಾರಕ್ಕ, ಹಮೀದಾಬಿ ಮೂವರೂ ಆಸ್ಪತ್ರೆಗೆ ಬಂದೆವು. ಕಲ್ಲನ್ನು ಜೋಳಿಗೆಗೆ ಹಾಕಿದೆ. ಮುಳ್ಳು ಎರಡರ ಗೆರೆ ದಾಟಿತು, ದಾಟಿ ಮುಂದಕ್ಕೆ ಹೋಗಿ ಎರಡೂವರೆಗೆ ತಾಗಿಕೊಂಡು ನಿಂತಿತು. ನಾನು ಕಲ್ಲು ತೆಗೆದು ಮತ್ತೆ ಹಾಕಿದೆ. ಎರಡೂವರೆ. ಎದುರಿಗೆ ನಿಂತು ನೋಡಿದೆ. ಎರಡೂವರೆ.

ಹಮೀದಾಬಿ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು. ಆಚೆ ಮನೆಯ ಹಲಸಿನ ಕೊಂಬೆ ಊರುಗೋಲಿನ ಮೇಲೆ ಬಾಗಿ ನಿಂತಿತ್ತು. "ಭಾರದ ತಿಂಗಳಲ್ಲಿ ನನ್ನ ಹುಣಸೆಗೂ ಭಾರ ಬರುತ್ತೆ, ನನ್ನ ಕಲ್ಲಿಗೂ ಬರುತ್ತೆ ಅಮ್ಮ. ಎರಡೂ ಒಟ್ಟಿಗೆ ಏರ್ತವೆ, ಒಟ್ಟಿಗೆ ಇಳೀತವೆ. ನಿಮ್ಮ ಗಡಿಯಾರದ ಒಳಗಡೆ ಯಾವ ಕಲ್ಲು ಐತೆ?"

ಕಲ್ಲಿರಲಿಲ್ಲ. ಸ್ಪ್ರಿಂಗಿತ್ತು. ಅದನ್ನು ಎಷ್ಟು ಜೋರಾಗಿ ಎಳೆದರೆ ಅಷ್ಟು ಮುಳ್ಳು ತಿರುಗುತ್ತದೆ, ಎಳೆಯುವುದು ಮಗುವೋ ಊರಿನ ಭಾರವೋ ಅದಕ್ಕೇನು ಗೊತ್ತು! ಮೂರೂವರೆ ತಿಂಗಳು ನಾನು ಮಕ್ಕಳ ಕಾರ್ಡುಗಳಲ್ಲಿ ಬರೆದದ್ದು ಆ ಊರಿನ ಭಾರವನ್ನು. ಕುರ್ಚಿಯಲ್ಲಿ ಕೂತುಬಿಟ್ಟೆ. ಮಾರಕ್ಕ ನನಗೆ ಏನಾದರೂ ಅನ್ನಲಿ ಅಂತ ಕಾದೆ. ಅವಳು, "ಈಗ ಏನು ಮಾಡಾದು ಹೇಳಿ" ಅಂದಳು.

ಮಗುವನ್ನು ಎದೆಗೆ ಹಾಕಿಕೊಳ್ಳಲು ಹೇಳಿ ಮೊದಲ ಸಲ ಸರಿಯಾಗಿ ನೋಡಿದೆ. ಮಗು ಬಾಯಿ ಹಾಕುತ್ತಿತ್ತು, ನಾಲ್ಕು ಸಲ ಚೀಪುತ್ತಿತ್ತು, ಚಟ್ ಎಂದು ಸದ್ದಾಗಿ ಜಾರುತ್ತಿತ್ತು. ಮತ್ತೆ ಹಾಕುತ್ತಿತ್ತು, ಮತ್ತೆ ಚಟ್. ಹತ್ತು ನಿಮಿಷಕ್ಕೆ ದಣಿದು ನಿದ್ದೆ ಹೋಯಿತು. ನಾಲಿಗೆ ಎತ್ತಿ ನೋಡಿದರೆ ಕೆಳಗಿನ ಎಳೆ ತುದಿಯವರೆಗೂ ಅಂಟಿಕೊಂಡಂತಿತ್ತು. ಅದನ್ನು ಕತ್ತರಿಸುವುದು ನನ್ನ ಕೈಯ ಕೆಲಸವಲ್ಲ, ಡಾಕ್ಟರು ಬೇಕು. ಭಾರ ಅಷ್ಟು ಏರಿದ ಮೇಲೆ ಬಸ್ಸು ಊರಿನ ಏರು ಹತ್ತುತ್ತಿರಲಿಲ್ಲ. ಮಗುವಿನ ಸ್ಥಿತಿ, ಎರಡು ತಕ್ಕಡಿಯ ಎರಡು ತೂಕ, ನನ್ನ ತಪ್ಪು ಎಲ್ಲ ಬರೆದು ಅಂಚೆಯವನ ಕೈಲಿ ಕಾಗದ ಕಳಿಸಿದೆ. ಅಷ್ಟರವರೆಗೆ ಮಾರಕ್ಕನಿಗೆ ಹಾಲು ಹಿಂಡಿ, ಕೊಕ್ಕಿನಂಥ ಮೂತಿಯ ಒಳಲೆಯಲ್ಲಿ ಕುಡಿಸುವುದನ್ನು ತೋರಿಸಿಕೊಟ್ಟೆ. ಎರಡು ಗಂಟೆಗೊಮ್ಮೆ ಹನಿಹನಿಯಾಗಿ ಅವಳು ಕುಡಿಸಿದಳು. ಎಲೆ ಹಚ್ಚುವುದನ್ನು ಬಿಟ್ಟಳು.

ಆ ವಾರ ಹಮೀದಾಬಿ ಮಂಡಿ ಮುಚ್ಚಿದರು. ಅವರ ತಕ್ಕಡಿಯನ್ನು ಆಸ್ಪತ್ರೆಯ ತೊಲೆಗೆ ಕಟ್ಟಿ ನಲವತ್ತಮೂರು ಮಕ್ಕಳನ್ನೂ ಹೊಸದಾಗಿ ತೂಗಿದೆವು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಅವರು ಕಲ್ಲು ಎಣಿಸುತ್ತಿದ್ದರು, ನಾನು ಕಾರ್ಡು ಮುಚ್ಚಿಟ್ಟು ಹೊಸ ಹಾಳೆಯಲ್ಲಿ ಬರೆಯುತ್ತಿದ್ದೆ. ಹೆಚ್ಚಿನ ಮಕ್ಕಳು ನಾನು ಹೊಗಳಿದಷ್ಟು ಗುಂಡಾಗಿಲ್ಲದಿದ್ದರೂ ಚೆನ್ನಾಗಿದ್ದವು. ಮಾರಕ್ಕನ ಮಗುವಲ್ಲದೆ ಇನ್ನೂ ನಾಲ್ಕು ಮಕ್ಕಳು ತೂಕದ ಗೆರೆಯಿಂದ ಕೆಳಗಿದ್ದವು. ಆ ನಾಲ್ವರ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ನಾನು ನಿಮಗೆ ತಪ್ಪು ಹೇಳಿದ್ದೆ ಎಂದು ಹೇಳಿದೆ. ಗೋಡೆಯ ಮೇಲಿನ ಕಾಗದ ಕಿತ್ತೆ. ಅಂಟಿನ ಕಲೆ ಉಳಿಯಿತು.

ಐದನೇ ದಿನ ಡಾಕ್ಟರ್ ವಿರೂಪಾಕ್ಷ ಬಂದರು. ಮೇಲಿನ ಕಚೇರಿಯಲ್ಲಿ ಇಡೀ ಸುತ್ತಿನ ಆಸ್ಪತ್ರೆಗಳನ್ನು ನೋಡಿಕೊಳ್ಳುವವರು, ಕೆಲಸದಲ್ಲಿ ಚೊಕ್ಕ ಅಂತ ಹೆಸರು. ಜೀಪನ್ನು ಏರಿನ ಬುಡದಲ್ಲೇ ನಿಲ್ಲಿಸಿ ನಡೆದು ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಪೆಟ್ಟಿಗೆ. ಆಸ್ಪತ್ರೆಯ ಜಗಲಿಯಲ್ಲಿ ತೊಲೆಗೆ ನೇತಾಡುತ್ತಿದ್ದ ಹುಣಸೆ ತಕ್ಕಡಿ ಕಂಡು ಅಲ್ಲೇ ನಿಂತರು.

"ಏನಮ್ಮ ಇದು? ಹೋದ ತಿಂಗಳು ನಿಮ್ಮನ್ನ ಹೊಗಳಿ ಕಾಗದ ಬರೆದೋನು ನಾನೇ. ಈಗ ಮಂಡಿ ತಕ್ಕಡೀಲಿ ಮಕ್ಕಳನ್ನ ತೂಗ್ತಿದ್ದೀರಂತೆ!"

ಜಗಲಿಯ ಕೆಳಗೆ ಆಗಲೇ ಜನ ಸೇರಿದ್ದರು. ತಾಯಂದಿರು, ಅಜ್ಜಿಯರು, ಅಂಚೆಯವನು. ನಾನು ಇದ್ದದ್ದನ್ನು ಹೇಳಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡು ಪೆಟ್ಟಿಗೆ ಬಿಚ್ಚಿದರು. ಒಳಗೆ ನನ್ನದರಂಥದ್ದೇ ಇನ್ನೊಂದು ಹೊಸ ತಕ್ಕಡಿ. "ನಿಮ್ಮದು ಕೆಟ್ಟಿರಬಹುದು ಅಂತಲೇ ಇದನ್ನ ತಂದೆ. ಬೆಳಿಗ್ಗೆ ಹೊರಡೋ ಮುಂಚೆ ನಾನೇ ಪರೀಕ್ಷೆ ಮಾಡಿದ್ದೀನಿ, ಒಂದು ಗ್ರಾಂ ಹೆಚ್ಚುಕಡಿಮೆ ಇಲ್ಲ."

ಮಾರಕ್ಕ ಮಗುವನ್ನು ತಂದಳು. ಐದು ದಿನ ಒಳಲೆಯ ಹಾಲು ಕುಡಿದಿತ್ತು. ಹಳೆಯ ಗಡಿಯಾರದಲ್ಲಿ ನಾಲ್ಕು ಕಿಲೋ ಒಂಬೈನೂರ ಐವತ್ತು ಬಂತು. ಹೊಸದರಲ್ಲೂ ಅದೇ, ನಾಲ್ಕು ಕಿಲೋ ಒಂಬೈನೂರ ಐವತ್ತು.

"ನೋಡಿ. ಎರಡೂ ಒಂದೇ ಹೇಳ್ತಿವೆ. ಎರಡು ಮಿಷನ್ನು ಸೇರಿ ಸುಳ್ಳು ಹೇಳುತ್ವಾ?"

ಜನ ನನ್ನ ಕಡೆ ನೋಡಿದರು. ನಾನು ಹೇಳಿದೆ. "ಎರಡರೊಳಗೂ ಸ್ಪ್ರಿಂಗೇ ಇದೆ ಸರ್. ಒಂದೇ ಬಾಗಿಲಿಂದ ನೋಡಿದ ಇಬ್ಬರು ಸಾಕ್ಷಿಗಳ ಹಾಗೆ, ಇಬ್ಬರಿಗೂ ಅಷ್ಟೇ ಕಾಣುತ್ತೆ. ನೂರು ಸ್ಪ್ರಿಂಗು ತಂದರೂ ನೂರೂ ಹೀಗೇ ಹೇಳ್ತವೆ." ಎರಡು ಕಿಲೋ ಕಲ್ಲನ್ನು ಅವರ ಹೊಸ ತಕ್ಕಡಿಗೆ ಹಾಕಿದೆ. ಎರಡೂವರೆ.

"ಕಲ್ಲು ತಪ್ಪು" ಅಂದರು ಡಾಕ್ಟರು ತಕ್ಷಣ. ನಾನೂ ಮೊದಲು ಅಂದದ್ದು ಅದೇ ಮಾತು.

ಹಮೀದಾಬಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದವರು ಎದ್ದರು. "ನನ್ನ ಕಲ್ಲು ಬೇಡ ಸಾಹೇಬ್ರೆ. ನನ್ನದು ಯಾವುದೂ ಬೇಡ. ನಿಮ್ಮ ಚೀಲದಲ್ಲಿ ತೂಕ ಬರೆದಿರೋ ಸಾಮಾನು ಏನಾದರೂ ಐತಾ? ನಿಮ್ಮೂರಲ್ಲೇ ತೂಗಿದ್ದು, ನೀವೇ ತಂದಿದ್ದು?"

ಡಾಕ್ಟರು ಚೀಲಕ್ಕೆ ಕೈ ಹಾಕಿದರು. ಮಕ್ಕಳಿಗೆಂದು ತಂದ ಹಾಲಿನ ಪುಡಿಯ ಪೊಟ್ಟಣ ಚೀಲದಿಂದ ತೆಗೆದರು. ಸೀಲು ಒಡೆದಿರಲಿಲ್ಲ, ಒಂದು ಕಿಲೋ ಅಂತ ದೊಡ್ಡ ಅಕ್ಷರದಲ್ಲಿತ್ತು. ತಾವೇ ತಮ್ಮ ಹೊಸ ತಕ್ಕಡಿಯ ಜೋಳಿಗೆಗೆ ಹಾಕಿದರು. ತಾವೇ ಎದುರಿಗೆ ನಿಂತು ಕಣ್ಣು ಮುಳ್ಳಿನ ಮಟ್ಟಕ್ಕೆ ತಂದರು. ಮುಳ್ಳು ಒಂದನ್ನು ದಾಟಿ ಒಂದೂಕಾಲಿಗೆ ಹೋಗಿ ನಿಂತಿತು.

ಅವರು ಪೊಟ್ಟಣ ತೆಗೆದು ಹುಣಸೆ ತಕ್ಕಡಿಯ ಎಡತಟ್ಟೆಗೆ ಇಟ್ಟರು. ಬಲತಟ್ಟೆಗೆ ಹಮೀದಾಬಿಯ ಒಂದು ಕಿಲೋ ಕಲ್ಲು. ದಂಡಿಗೆ ಆಚೀಚೆ ತೂಗಿ, ನಿಧಾನವಾಗಿ, ನೇರ ನಿಂತಿತು. ಕೇಳದೆಯೇ ಅವರು ಎರಡನ್ನೂ ಅದಲು ಬದಲು ಮಾಡಿದರು. ಮತ್ತೆ ನೇರ.

"ಪೊಟ್ಟಣಾನೂ ಸುಳ್ಳು ಹೇಳುತ್ತಾ ಸಾಹೇಬ್ರೆ?" ಗುಂಪಿನಲ್ಲಿ ಅಜ್ಜಿಯೊಬ್ಬಳು ಕೂಗಿದಳು. ನಗು ಎದ್ದಿತು. ಡಾಕ್ಟರ್ ವಿರೂಪಾಕ್ಷ ಕರ್ಚೀಫಿನಿಂದ ಮುಖ ಒರೆಸಿಕೊಂಡು ತಾವೂ ನಕ್ಕರು. "ಏರು ಹತ್ತುವಾಗಲೇ ನನ್ನ ಮೊಣಕಾಲು ಇದನ್ನೇ ಹೇಳ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ" ಅಂದರು. ನನ್ನ ಕಡೆ ತಿರುಗಿದರು. "ಸುಭದ್ರ, ಇದನ್ನ ಎಲ್ಲಾ ಬರೆದಿಟ್ಟಿದ್ದೀರಾ? ನಲವತ್ತಮೂರೂ? ಕೊಡಿ ಹಾಳೆ, ನಾನು ರುಜು ಹಾಕ್ತೀನಿ. ಮೊದಲು ಆ ಮಗು ತನ್ನಿ."

ಮಾರಕ್ಕನ ತೊಡೆಯ ಮೇಲೆ ಮಗುವನ್ನು ಮಲಗಿಸಿ, ಬೆಳಕಿಗೆ ತಿರುಗಿಸಿ, ಬಾಯೊಳಗೆ ಬೆರಳಿಟ್ಟು ನಾಲಿಗೆ ಎತ್ತಿದರು. ಕುದಿಸಿದ ಕತ್ತರಿ ನಾನು ಕೊಟ್ಟೆ. ಒಂದು ಸಣ್ಣ ಸದ್ದು, ಎರಡು ಹನಿ ರಕ್ತ, ಮಗುವಿನ ಒಂದು ಚೀರಾಟ. ಮಾರಕ್ಕ ಕಣ್ಣು ಮುಚ್ಚಲಿಲ್ಲ. "ಹಾಕಿಕೋ ಎದೆಗೆ" ಅಂದರು ಡಾಕ್ಟರು. ಮಗು ಬಿಕ್ಕುತ್ತಲೇ ಬಾಯಿ ಹಾಕಿತು. ಚಟ್ ಎನ್ನಲಿಲ್ಲ. ಒಂದು ಗುಟುಕು, ಇನ್ನೊಂದು ಗುಟುಕು. ಕತ್ತಿನ ಕೆಳಗೆ ಅದು ಇಳಿಯುವುದು ಕಾಣುತ್ತಿತ್ತು. ಮಾರಕ್ಕ ನನ್ನ ಮೊಣಕೈ ಹಿಡಿದುಕೊಂಡಳು. "ಎಳೀತಾ ಐತೆ ಸಿಸ್ಟರಮ್ಮ. ಜೋರಾಗಿ ಎಳೀತಾ ಐತೆ" ಅಂದಳು. ಅವಳು ಅತ್ತದ್ದು ಆಗಲೇ, ಅದಕ್ಕೆ ಮುಂಚೆ ನಾನು ಅವಳ ಕಣ್ಣಲ್ಲಿ ನೀರು ಕಂಡಿರಲಿಲ್ಲ.

ಡಾಕ್ಟರು ಹೋದ ಎರಡನೇ ವಾರ ಮೇಲಿನ ಕಚೇರಿಯಿಂದ ಎರಡು ತಟ್ಟೆಯ ಹೊಸ ತಕ್ಕಡಿ ಬಂತು, ಮಗು ಮಲಗುವಷ್ಟು ದೊಡ್ಡ ತಟ್ಟೆಯದು. ಹಮೀದಾಬಿ ಅದರ ತಟ್ಟೆಗಳಲ್ಲಿ ಕಲ್ಲುಗಳನ್ನು ಮೂರು ಸಲ ಅದಲು ಬದಲು ಮಾಡಿ ನೋಡಿ ಆಮೇಲೆ ಒಪ್ಪಿದರು. ಅದರ ಜೊತೆ ಬಂದ ಕಾಗದದಲ್ಲಿ ಹಳೆಯದನ್ನು ವಾಪಸ್ಸು ಕಳಿಸಿ ಅಂತ ಇರಲಿಲ್ಲ. ನಾನು ಅದನ್ನು ಜಗಲಿಯ ಮೂಲೆಯಲ್ಲಿ ತೂಗುಹಾಕಿ, ಕೊಕ್ಕೆಗೆ ಎರಡು ಕಿಲೋ ಕಲ್ಲೊಂದನ್ನು ಕಾಯಂ ಕಟ್ಟಿದೆ. ಅಲ್ಲಿಯವರೆಗೆ ಊರಿನ ಭಾರ ಎಷ್ಟು ಅಂತ ಅಂಕಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಬೆಳಿಗ್ಗೆ ನೀರಿಗೆ ಹೋಗುವವರು, ಕಲ್ಲು ಕೂರಿಸಲು ಕಾದಿರುವ ಮೇಸ್ತ್ರಿಗಳು, ಅಂಚೆಯವನು ಎಲ್ಲ ಒಮ್ಮೆ ಜಗಲಿಗೆ ಬಂದು ಮುಳ್ಳು ನೋಡಿಕೊಂಡು ಹೋಗತೊಡಗಿದರು. ಓರೆಯಾಗಿ ನೋಡಿದವರನ್ನು ಪಕ್ಕದವರೇ ಬೆನ್ನು ತಟ್ಟಿ ಎದುರಿಗೆ ನಿಲ್ಲಿಸುತ್ತಿದ್ದರು.

ನಾಲಿಗೆಯ ಎಳೆ ಕತ್ತರಿಸಿ ಆರು ವಾರವಾದ ಬುಧವಾರ ಅದು. ಭಾರ ಶುರುವಾಗಿ ಐದು ತಿಂಗಳು ತುಂಬಿತ್ತು, ಎಲ್ಲರೂ ಕಾಲೆಳೆದುಕೊಂಡು ನಡೆಯುತ್ತಿದ್ದರು. ಕೆಳಗಿದ್ದ ಆ ನಾಲ್ಕರಲ್ಲಿ ಮೂರು ಮಕ್ಕಳು ತೂಕದ ಗೆರೆ ಮುಟ್ಟಿದ್ದವು, ನಾಲ್ಕನೆಯದು ಹತ್ತಿರದಲ್ಲಿತ್ತು. ಮಾರಕ್ಕನ ಸರದಿ ಕೊನೆಗೆ. ಸಾಲಿನವರು ಯಾರೂ ಮನೆಗೆ ಹೋಗದೆ ನಿಂತಿದ್ದರು. ಮಗುವನ್ನು ತಟ್ಟೆಯಲ್ಲಿ ಕೂರಿಸಿದಳು. ಮಲಗಿಸುವ ಹಾಗಿರಲಿಲ್ಲ, ಎದ್ದು ಎದ್ದು ಬರುತ್ತಿತ್ತು. ಬಲಗಡೆ ಐದು ಕಿಲೋ ಇಟ್ಟೆ, ಮಗುವಿನ ತಟ್ಟೆ ಮೇಲೇಳಲಿಲ್ಲ. ಐನೂರು ಸೇರಿಸಿದೆ, ಏಳಲಿಲ್ಲ. ನೂರು. ಇನ್ನೂ ಇಲ್ಲ. ಜನ ಒಂದೊಂದು ಕಲ್ಲಿಗೂ ಎಣಿಸುತ್ತಿದ್ದರು. ಕೊನೆಗೆ ಐವತ್ತು ಗ್ರಾಮಿನ ಕಲ್ಲು ಇಟ್ಟಾಗ ದಂಡಿಗೆ ಸಮನಾಯಿತು. ಐದು ಕಿಲೋ ಆರುನೂರ ಐವತ್ತು.

ನಾನು ಪೆನ್ನು ತೆಗೆಯುವಷ್ಟರಲ್ಲಿ ಹಗುರ ಬಿತ್ತು.

ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೆಗಲ ಮೇಲಿಂದ ಯಾರೋ ಮೂಟೆ ಎತ್ತಿಕೊಂಡ ಹಾಗಾಯಿತು. ಆಚೆ ಮನೆಯ ಹಲಸಿನ ಕೊಂಬೆ ಬುಸ್ಸೆಂದು ಮೇಲೆದ್ದು ಊರುಗೋಲು ನೆಲಕ್ಕೆ ಬಿತ್ತು. ಬೀದಿಯಲ್ಲೆಲ್ಲ ಕೂಗು ಎದ್ದಿತು. ಜಗಲಿಯ ಮೂಲೆಯಲ್ಲಿ ಗಡಿಯಾರದ ಮುಳ್ಳು ಎರಡೂಮುಕ್ಕಾಲಿನಿಂದ ಜರ್ರನೆ ಜಾರಿ ಎರಡರ ಮೇಲೆ ನಿಂತಿತು. "ಬಿತ್ತು ಬಿತ್ತು" ಎಂದು ಅಂಚೆಯವನು ಕುಣಿದೇ ಬಿಟ್ಟ.

ಮಾರಕ್ಕ ಮಾತ್ರ ಬೆಚ್ಚಿ ತಟ್ಟೆಯ ಕಡೆ ನೋಡಿದಳು. ಅವಳ ಜೊತೆ ನಾನೂ, ಹಮೀದಾಬಿಯೂ. ಊರಿಗೆ ಊರೇ ಹಗುರಾಗಿ ಕುಪ್ಪಳಿಸುತ್ತಿದ್ದಾಗ ದಂಡಿಗೆ ಒಂದಿಷ್ಟೂ ಅಲುಗಲಿಲ್ಲ. ಒಂದು ಕಡೆ ಮಗು, ಇನ್ನೊಂದು ಕಡೆ ಐದು ಕಿಲೋ ಆರುನೂರ ಐವತ್ತು. ನಡುವೆ ಮುಳ್ಳು ನೇರ.

ಅವಳು ಮಗುವನ್ನು ಎತ್ತಿಕೊಂಡಳು. ಕೈಗೆ ಹೂವಿನ ಹಾಗೆ ಬಂದಿರಬೇಕು, ಎತ್ತಿದ ರಭಸಕ್ಕೆ ಅದು ತಲೆಯ ಮೇಲಕ್ಕೇ ಹೋಯಿತು. ಹಾಗೆಯೇ ಎತ್ತಿ ಹಿಡಿದು ಜನರ ಕಡೆ ತಿರುಗಿ, ಬೀದಿಯ ಕೂಗಿಗಿಂತ ಜೋರಾಗಿ ಕೂಗಿದಳು:

"ಐದು ಕಿಲೋ ಆರುನೂರ ಐವತ್ತು! ಇದರಲ್ಲಿ ಊರಿಂದು ಒಂದು ಗ್ರಾಮೂ ಇಲ್ಲ, ಅಷ್ಟೂ ನನ್ನ ಮಗಳದೇ!"